ಏಳು ಅಕ್ಷರದ ಬೋರ್ಡು

"ಮಿಸ್, ಇಂಗ್ಲಿಷಲ್ಲಿ ಇಪ್ಪತ್ತಾರು ಅಕ್ಷರ ಇದಾವೆ. ನಿಮ್ಮ ಈ ಪುಸ್ತಕದಲ್ಲಿ ಯಾವ ಪದ ತೆಗೆದ್ರೂ ಅವೇ ಏಳು. ಉಳಿದ ಹತ್ತೊಂಬತ್ತು ಏನ್ ಪಾಪ ಮಾಡಿದ್ವು?"

ಕೇಳಿದವನು ಮಧುಕೇಶ. ಬಿ.ಕಾಂ. ಎರಡನೇ ವರ್ಷದಲ್ಲಿ ಕಾಲೇಜಿಗೆ ಕೈಮುಗಿದು ಬಂದವನು. ಕಾಲೇಜೂ ಅವನನ್ನು ವಾಪಸ್ ಕರೆಯಲಿಲ್ಲ. ಇಬ್ಬರಿಗೂ ನೆಮ್ಮದಿ.

ಕೇಳಿಸಿಕೊಂಡವರು ತುಳಜಾಬಾಯಿ ಮಿಸ್ಸು. ತಿಪಟೂರಿನಲ್ಲಿ ಸೈಕಲ್ ಶಾಪಿನ ಮೇಲಿರೋ ಒಂದೇ ಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡೋರು. ಅರವತ್ತು ದಾಟಿತ್ತು. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯೋ ಸದ್ದು, ಮೇಲೆ ಇವರ ಪಾಠ. ಎರಡೂ ಒಂದೇ ತಾಳದಲ್ಲಿ ನಡೀತಿದ್ದವು.

ಮಿಸ್ ಹತ್ತಿರ ಅಚ್ಚಾದ ಪುಸ್ತಕಗಳೂ ಇದ್ದವು. ಆದರೆ ಹೊಸದಾಗಿ ಬಂದವರ ಕೈಗೆ ಮೊದಲು ಕೊಡೋದು ಒಂದು ಹಳೇ ಅಳತೆ ಪುಸ್ತಕ. ಟೈಲರ್‌ಗಳು ಇಟ್ಟುಕೊಳ್ತಾರಲ್ಲ, ಅಂಥದ್ದು. ಮುಂದಿನಿಂದ ತೆರೆದರೆ ಯಾರ್ಯಾರದೋ ಎದೆ, ಸೊಂಟ, ತೋಳು. ಹಿಂದಿನಿಂದ ತೆರೆದರೆ ಇಂಗ್ಲಿಷು. ಒಟ್ಟು ನಲವತ್ತೊಂದು ಪದ. ಪದಗಳೆಲ್ಲ ಪೆನ್ಸಿಲ್‌ನಲ್ಲಿ, ಸೊಟ್ಟಸೊಟ್ಟಗೆ, ರಂಗೋಲಿ ಬಿಡಿಸಿದ ಹಾಗೆ. ಮೊದಲ ಪುಟದಲ್ಲಂತೂ ಎಸ್ ಅಕ್ಷರವೇ ಹಿಂದು ಮುಂದು. ಅರ್ಥಗಳು ಮಾತ್ರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ದುಂಡಗೆ, ಆಮೇಲೆ ಯಾವಾಗಲೋ ಬರೆದಂತಿತ್ತು.

"ಯಾವ ಒಂದನೇ ಕ್ಲಾಸಿನ ಮಗು ಕೈಲಿ ಬರೆಸಿದ್ರಿ ಮಿಸ್ ಇದನ್ನ?" ಅಂತ ಮಧುಕೇಶ ಬಂದ ದಿನವೇ ಕೇಳಿದ್ದ. "ಮೊದಲು ಕಲಿ, ಆಮೇಲೆ ಕೊಂಕು ತೆಗೆ" ಅಂದಿದ್ದರು.

ಅವನು ಇಂಗ್ಲಿಷ್ ಕಲಿಯೋಕೆ ಬಂದಿದ್ದು ಕೆಲಸಕ್ಕಲ್ಲ. ಪ್ರಫುಲ್ಲ ಅಂತ ಒಬ್ಬಳು. ಬಸ್‌ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಇದ್ದಳು. ಇಂಗ್ಲಿಷ್ ಮೀಡಿಯಂ. ಇವನು ತಲೆನೋವಿಲ್ಲದಿದ್ದರೂ ತಲೆನೋವಿನ ಮಾತ್ರೆ ಕೊಂಡು ಕೊಂಡು, ಮನೆಯಲ್ಲಿ ಒಂದು ಡಬ್ಬಿ ತುಂಬಿಸಿದ್ದ. ಹೇಳಬೇಕಾದ್ದನ್ನು ಮಾತ್ರ ಹೇಳಿರಲಿಲ್ಲ. ಚೆಂದದ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕೊಡೋದು ಅಂತ ತೀರ್ಮಾನ ಮಾಡಿ ಐದು ತಿಂಗಳಾಗಿತ್ತು. ಕಾಗದ ಆರು ಸಲ ಬರೆದು ಆರು ಸಲ ಹರಿದಿದ್ದ. ಇವತ್ತು ಅವಳು ನರ್ಸಿಂಗ್ ಓದೋಕೆ ಬೆಳಗಾವಿಗೆ ಹೊರಟಿದ್ದಳು. ಆರೂವರೆ ಬಸ್ಸು. ಏಳನೇ ಕಾಗದ ಈಗ ಮೇಜಿನ ಮೇಲಿತ್ತು. ಮೂರನೇ ಸಾಲಿನಲ್ಲಿ ಒಂದು ಪದ ಸಿಗದೆ ನಿಂತಿತ್ತು.

"ಕೊನೇ ಪದ ನೋಡಿ ಮಿಸ್. ಆಂಟ್ಲರ್ಸ್. ಜಿಂಕೆ ಕೊಂಬುಗಳು. ಇದನ್ನ ಕಲ್ತು ನಾನೇನ್ ಮಾಡ್ಲಿ? ನಿನ್ನ ಕೊಂಬು ಚೆನ್ನಾಗಿದೆ ಅಂತ ಬರೀಲಾ?"

ಮಿಸ್ ನಕ್ಕರು. ಗೋಡೆ ಗಡಿಯಾರ ನೋಡಿದರು. ಐದೂ ಕಾಲು.

"ಕೂತ್ಕೋ, ಒಂದು ಕತೆ ಹೇಳ್ತೀನಿ."

"ಕತೆಗೆ ಬಂದಿಲ್ಲ ಮಿಸ್, ಪದಕ್ಕೆ ಬಂದಿದೀನಿ."

"ಕತೆ ತುಂಬ ಪದಗಳೇ ಇರೋದು. ಕೂತ್ಕೋ."

ಮಿಸ್ ಹೇಳಿದ ಕತೆ ಇದು.

ಒಂದೂರಲ್ಲಿ ಒಂದು ಟಾಕೀಸಿತ್ತು. ಆ ಟಾಕೀಸಿನಲ್ಲಿ ಒಬ್ಬ ಬೋರ್ಡಿನವನಿದ್ದ. ಶುಕ್ರವಾರ ಏಣಿ ಹತ್ತಿ ಹಳೇ ಪಿಕ್ಚರಿನ ಹೆಸರು ಇಳಿಸೋದು, ಹೊಸ ಪಿಕ್ಚರಿನ ಹೆಸರು ಏರಿಸೋದು ಅವನ ಕೆಲಸ. ಮರದ ಅಕ್ಷರಗಳು, ಕೆಂಪು ಬಣ್ಣ, ಒಂದೊಂದೂ ಮೊಳ ಉದ್ದ. ಪಿಕ್ಚರ್ ಯಾವ ಭಾಷೆಯದ್ದೇ ಇರಲಿ, ಬೋರ್ಡಿನ ಮೇಲೆ ಹೆಸರು ಇಂಗ್ಲಿಷಿನಲ್ಲೇ. ಯಜಮಾನರಿಗೆ ಅದೊಂದು ಶೋಕಿ. ಬೋರ್ಡಿನವನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅವನಿಗೆ ಬರ್ತಿರಲಿಲ್ಲ. ಯಜಮಾನರು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಒಂದೊಂದೇ ಅಕ್ಷರ ಹೋಲಿಸಿ ಸಿಗಿಸೋನು. ಏಣಿಯೂ ಟಾಕೀಸಿನದ್ದಲ್ಲ. ಸುಣ್ಣ ಬಳಿಯೋರದ್ದು. ಶುಕ್ರವಾರ ಒಂದು ದಿನ ಎರವಲು ಬರ್ತಿತ್ತು.

ಟಾಕೀಸಿನ ಪಕ್ಕದ ಓಣಿಗೆ ಮುಖಮಾಡಿ ಇನ್ನೊಂದು ಸಣ್ಣ ಬೋರ್ಡಿತ್ತು. ಮುಂದಿನ ವಾರ ಯಾವ ಪಿಕ್ಚರ್ ಅಂತ ಹೇಳೋ ಬೋರ್ಡು. ಅದರ ಅಕ್ಷರಗಳೂ ಸಣ್ಣವು. ಗಾಳಿಗೆ ಕೆಲವು ಹೋದವು, ಕೋತಿಗಳು ಕೆಲವು ಕಿತ್ತವು, ಒಂದೆರಡನ್ನು ಯಾರೋ ತಮ್ಮ ಮನೆ ಬಾಗಿಲಿಗೆ ಹೆಸರಾಗಿ ಹೊಡೆದುಕೊಂಡರು. ಯಜಮಾನರು ಹೊಸದು ತರಿಸಲಿಲ್ಲ. ಕೊನೆಗೆ ಬಿಸ್ಕತ್ ಡಬ್ಬಿಯೊಂದರಲ್ಲಿ ಏಳು ಉಳಿದವು. ಎ, ಇ, ಎಲ್, ಎನ್, ಆರ್, ಎಸ್, ಟಿ. ತಲಾ ಒಂದೊಂದು. ಏಳಕ್ಷರದಲ್ಲಿ ಯಾವ ಪಿಕ್ಚರಿನ ಹೆಸರು ಬರೆಯೋದು? ಬೋರ್ಡು ಖಾಲಿ ಬಿತ್ತು.

ಆ ಬೋರ್ಡಿನ ಎದುರಿಗೆ, ಓಣಿಯ ಆ ಕಡೆ, ಒಂದು ಮಹಡಿ ಮನೆ. ಕೆಳಗೆ ಟೈಲರ್ ಅಂಗಡಿ. ಮೇಲಿನ ಕಿಟಕಿಯಲ್ಲಿ ಟೈಲರಿನ ತಂಗಿ ಕೂತು ಕಾಜಾ ಹೊಲಿಯೋಳು. ಒಂದು ಶುಕ್ರವಾರ ಬೋರ್ಡಿನವನು ಏಣಿ ಹೊತ್ತು ಓಣಿಗೆ ತಿರುಗಿದಾಗ ಅವಳು ತಲೆಯೆತ್ತಿ ನೋಡಿದಳು. ಅವನು ನೋಡಿದ ಮೇಲೂ ಕಣ್ಣು ತೆಗೆಯಲಿಲ್ಲ. ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅದರ ಮುಂದಿನ ಶುಕ್ರವಾರ ಓಣಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಅವನು ಏಣಿ ಹೊತ್ತು ಹೋದ.

ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು ಅವನಿಗೆ. ಆದರೆ ಏನು? ಹೆಂಗಸರ ಜೊತೆ ಅವನು ಆಡಿದ್ದ ಮಾತು ಒಂದೇ. "ಅಮ್ಮಾ, ಲೇಡೀಸ್ ಆ ಕಡೆ ಬಾಗಿಲು." ಅದರಿಂದ ಶುರು ಮಾಡೋ ಹಾಗಿರಲಿಲ್ಲ. ಡಬ್ಬಿ ನೆನಪಾಯಿತು. ಏಳರಲ್ಲಿ ಐದು ಅಕ್ಷರ ತೆಗೆದುಕೊಂಡು ಸಣ್ಣ ಬೋರ್ಡಿಗೆ ಸಿಗಿಸಿದ. ಹೆಂಗೆ ಕೂರುತ್ತೋ ಹಂಗೆ. ಏನೋ ಒಂದು ಆಗಲಿ ಅಂತ.

ಕಿಟಕಿಯಲ್ಲಿ ಅವಳು ಎದ್ದು ನಿಂತಳು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದಳು. ಬೋರ್ಡು ನೋಡೋದು, ಪುಸ್ತಕದಲ್ಲಿ ಬರೆಯೋದು, ಮತ್ತೆ ಈ ಕಡೆ ನೋಡೋದು.

ಬೋರ್ಡಿನವನು ದಡದಡ ಏಣಿ ಇಳಿದ. ಅಯ್ಯೋ, ಇವಳು ಓದಿದವಳು!

ಸೀದಾ ಗುಜರಿ ಅಂಗಡಿಗೆ ಓಡಿದ. ಒಂದು ಇಂಗ್ಲಿಷ್–ಕನ್ನಡ ಡಿಕ್ಷನರಿ ಸಿಕ್ಕಿತು. ರಟ್ಟಿರಲಿಲ್ಲ, ಮೊದಲ ನಾಲ್ಕು ಪುಟ ಇಲಿ ತಿಂದಿತ್ತು. ತಾನು ಬರೆದದ್ದನ್ನು ಹುಡುಕಿದ. ಸಿಕ್ಕಿತು. ಸ್ಟೇಲ್. ಅರ್ಥ: ಹಳಸಿದ್ದು.

ಒಂದು ಹೆಣ್ಣಿಗೆ ಅವನು ಹೇಳಿದ ಮೊದಲನೇ ಮಾತು ಹಳಸಿದ್ದು! ಇಳಿಸೋಣವೆಂದರೆ ಏಣಿ ಹೊರಟುಹೋಗಿತ್ತು. ಆರು ದಿನ ಆ ಪದ ಅಲ್ಲೇ ನಿಂತು ಅವನ ಮಾನ ಕಳೀತು. ಅವನು ಓಣಿ ಕಡೆ ತಲೆ ಹಾಕಲಿಲ್ಲ.

ಮುಂದಿನ ಶುಕ್ರವಾರ ಅವೇ ಐದು ಅಕ್ಷರ ಹಿಂದೆ ಮುಂದೆ ಮಾಡಿ ಸ್ಲೇಟ್ ಅಂತ ಹಾಕಿದ. ಬಳಪದ ಸ್ಲೇಟು. ಇದರಲ್ಲಿ ಯಾರಿಗೂ ಅವಮಾನ ಇಲ್ಲ ಅಂತ ಧೈರ್ಯ. ಅವಳು ಮತ್ತೆ ಎದ್ದು ನಿಂತಳು, ಮತ್ತೆ ಬರೆದುಕೊಂಡಳು. ಮುಖದಲ್ಲಿ ಕೋಪ ಇರಲಿಲ್ಲ. ಹಳಸಿದ್ದನ್ನು ಕ್ಷಮಿಸಿದ್ದಾಳೆ ಅಂದುಕೊಂಡ.

ಅಲ್ಲಿಂದ ಅವನ ಬದುಕು ಬೇರೆಯಾಯಿತು. ಮ್ಯಾಟ್ನಿ ಶುರುವಾದ ಮೇಲೆ ಬಿಡೋವರೆಗೆ ಮೂರು ಗಂಟೆ ಬಿಡುವು. ಟಾಕೀಸಿನ ಹಿಂದಿನ ಮೆಟ್ಟಿಲ ಮೇಲೆ ಡಿಕ್ಷನರಿ ತೊಡೆ ಮೇಲಿಟ್ಟು ಕೂರೋನು. ಒಂದೊಂದೇ ಪದದ ಮೇಲೆ ಬೆರಳಿಟ್ಟು, ಏಳರ ಹೊರಗಿನ ಅಕ್ಷರ ಒಂದಿದ್ದರೂ ಅದನ್ನು ಹೊಡೆದು ಹಾಕೋನು. ಪುಟಕ್ಕೆ ಒಂದು ಉಳಿದರೆ ಹಬ್ಬ. ಉಳಿದದ್ದರ ಅರ್ಥ ಓದೋನು. ಉಪ್ಪು. ಗೂಡು. ಬಾಡಿಗೆ. ನಕ್ಷತ್ರ. ಪೂರ್ವ. ಅವಳಿಗೆ ಯಾವುದು ಕೊಡಲಿ, ಯಾವುದು ಬೇಡ ಅಂತ ಯೋಚನೆ. ಗೂಡು ಕೊಟ್ಟ. ಬಾಡಿಗೆ ಬಿಟ್ಟ. ನಕ್ಷತ್ರ ಕೊಟ್ಟ ವಾರ ತಾನೇ ದೊಡ್ಡ ಕವಿ ಅನ್ನೋ ಹಾಗೆ ಕೈ ಬೀಸಿಕೊಂಡು ಓಡಾಡಿದ. ಒಂದು ಸಲ ಧೈರ್ಯ ಮಾಡಿ ಸ್ಟೀಲ್ ಅಂತ ಹಾಕಿದ. ಕದಿ ಅಂತ ಅರ್ಥ. ಮನಸ್ಸು ಕದ್ದಿದ್ದೀಯ ಅನ್ನೋದು ಅವಳಿಗೆ ಹೊಳೆಯಲಿ ಅಂತ. ಅವಳಿಗೇನು ಹೊಳೆಯಿತೋ, ಪೊಲೀಸ್ ಸ್ಟೇಷನ್ನಿಗೆ ಮಾತ್ರ ಬೇರೆ ಹೊಳೆಯಿತು. "ಕದೀರಿ ಅಂತ ಊರಿಗೆಲ್ಲ ಬೋರ್ಡ್ ಹಾಕ್ತೀಯೇನಲೇ?" ಅಂತ ಯಜಮಾನರು ಕಿವಿ ಹಿಂಡಿದರು. ಆ ಪದ ಮಾತ್ರ ಸೋಮವಾರವೇ ಇಳಿಯಿತು. ಏಣಿ ಅವತ್ತು ಪೊಲೀಸರ ಮಾತಿಗೆ ಬಂತು.

ವಾರದಲ್ಲಿ ಅವನಿಗೆ ಒಂದೇ ದಿನ ಇತ್ತು. ಉಳಿದ ಆರು ಅದರ ದಾರಿ. ಗುರುವಾರ ಸಾಯಂಕಾಲದಿಂದಲೇ ಊಟ ಸೇರ್ತಿರಲಿಲ್ಲ. ಶುಕ್ರವಾರ ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತರೆ ಅವಳ ಕಿಟಕಿ ಸರಿಯಾಗಿ ಎದುರಿಗೆ. ಒಂದು ಅಕ್ಷರ ಸಿಗಿಸೋಕೆ ಐದು ನಿಮಿಷ ಮಾಡೋನು. ಸರಿಯಾಗಿ ಕೂತದ್ದನ್ನು ತೆಗೆದು ಮತ್ತೆ ಕೂರಿಸೋನು. ಅವಳೂ ನಿಧಾನಕ್ಕೆ ಬರೆಯೋಳು. ನಾಲ್ಕಕ್ಷರ ಬರೆಯೋಕೆ ಓದಿದವಳಿಗೆ ಇಷ್ಟು ಹೊತ್ತು ಯಾಕೆ ಅಂತ ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಅರ್ಥ ಯೋಚನೆ ಮಾಡ್ತಿದ್ದಾಳೆ ಅಂದುಕೊಂಡ. ಅವಳು ಯೋಚಿಸಿದಷ್ಟೂ ಇವನಿಗೆ ಭಯ ಜಾಸ್ತಿ. ಮುಂದಿನ ಪದ ಇನ್ನೂ ಚೆನ್ನಾಗಿರಬೇಕು.

ಗೇಟಿನಲ್ಲಿ ಟಿಕೆಟ್ ಹರಿಯೋನು ಒಬ್ಬನಿದ್ದ. ಇದನ್ನೆಲ್ಲ ನೋಡಿ ನೋಡಿ ಅವನಿಗೆ ತಲೆ ಕೆಟ್ಟಿತ್ತು.

"ಲೋ, ಓಣಿ ದಾಟೋಕೆ ಹನ್ನೆರಡು ಹೆಜ್ಜೆ. ನಾನೇ ಹಾಕಿ ನೋಡಿದೀನಿ. ನೀನು ಯಾಕೋ ಆಕಾಶಕ್ಕೆ ಏಣಿ ಹಾಕ್ಕೊಂಡು ಕೂತಿದೀಯ?"

"ನಿಂಗೊತ್ತಾಗಲ್ಲ ಬಿಡಣ್ಣ. ಅವಳು ಓದಿದೋಳು. ಪ್ರತಿ ಸಲ ಬರ್ಕೋತಾಳೆ. ಹೋಗಿ ನಿಂತ್ಕೊಂಡು ನಾಲ್ಕನೇ ಕ್ಲಾಸಿನ ಬಾಯಿ ಬಿಡ್ಲಾ?"

"ಬಾಯಿ ಬಿಡೋಕೆ ಯಾವ ಕ್ಲಾಸೋ?"

ಬೋರ್ಡಿನವನು ಡಿಕ್ಷನರಿಯ ಪುಟ ತಿರುಗಿಸಿದ. ಅವನು ಆಗ ಎನ್ ಅಕ್ಷರದ ಪುಟಗಳಲ್ಲಿದ್ದ. ನಿಯರ್ ಅನ್ನೋ ಪದ ಸಿಕ್ಕಿತ್ತು. ಹತ್ತಿರ ಅಂತ. ಅದನ್ನೇ ಆ ವಾರ ಹಾಕಿದ. ಹತ್ತಿರ ಅಂತ ಬರೆದು ದೂರದಲ್ಲಿ ನಿಂತ.

ಮಳೆಗಾಲ ಬಂತು, ಹೋಯಿತು. ಅವಳಿಗೊಮ್ಮೆ ಜ್ವರ ಬಂದು ಎರಡು ಶುಕ್ರವಾರ ಕಿಟಕಿ ಖಾಲಿ ಇತ್ತು. ಆ ಎರಡು ವಾರ ಅವನು ಪದ ಬದಲಾಯಿಸಲಿಲ್ಲ. ನೋಡೋರಿಲ್ಲದ ಪದಕ್ಕೆ ಏಣಿ ಯಾಕೆ ಅಂತ. ಮೂರನೇ ಶುಕ್ರವಾರ ಅವಳು ಬಂದು ನಿಂತಳು, ಬಡಕಲಾಗಿ, ತಲೆಗೆ ಶಾಲು ಸುತ್ತಿಕೊಂಡು. ಅವನಿಗೆ ಕೇಳಬೇಕಿತ್ತು, ಈಗ ಹೇಗಿದೀಯ, ಗಂಜಿ ಕುಡಿದೆಯಾ ಅಂತ. ಏಳಕ್ಷರದಲ್ಲಿ ಗಂಜಿ ಇರಲಿಲ್ಲ. ರೆಸ್ಟ್ ಅಂತ ಹಾಕಿದ. ಅವಳು ಕಿಟಕಿ ಸರಳು ಹಿಡಿದುಕೊಂಡು, ನಿಂತೇ ಬರೆದುಕೊಂಡಳು.

ಅಷ್ಟೊತ್ತಿಗೆ ಡಿಕ್ಷನರಿ ಮುಗಿಯೋಕೆ ಬಂದಿತ್ತು. ಅವನಿಗೆ ಒಂದು ವಿಷಯ ಗೊತ್ತಾಗಿತ್ತು. ತಾನು ಹೇಳಬೇಕಾದ್ದು ಈ ಏಳರಲ್ಲಿ ಇಲ್ಲ. ನಾನು ಅಂತ ಬರೆಯೋಕೂ ಅಕ್ಷರ ಇಲ್ಲ, ನೀನು ಅಂತ ಬರೆಯೋಕೂ ಇಲ್ಲ. ಆದರೂ ಬಿಡಲಿಲ್ಲ. ಏಳಕ್ಕೆ ಏಳೂ ಸೇರಿ ಆಗೋ ಪದ ಒಂದು ಇದ್ದೇ ಇರಬೇಕು, ಅದೇ ಸರಿಯಾದ ಪದ ಆಗಿರಬೇಕು ಅಂತ ಅವನಿಗೊಂದು ಹುಚ್ಚು ನಂಬಿಕೆ. ಡಿಕ್ಷನರಿ ಮೊದಲಿಂದ ತಿರುವಿ ಹಾಕಿದ. ಶುರುವಿನ ಪುಟಗಳಲ್ಲೇ ಸಿಕ್ಕಿತು, ಮೊದಲ ಸಲ ಕಣ್ತಪ್ಪಿದ್ದು. ಆಂಟ್ಲರ್ಸ್. ಅರ್ಥ ಓದಿದ. ಜಿಂಕೆ ಕೊಂಬುಗಳು.

ಡಿಕ್ಷನರಿ ಮಡಚಿ ಮೆಟ್ಟಿಲ ಮೇಲಿಟ್ಟ. ಆಮೇಲೆ ಒಬ್ಬನೇ ನಕ್ಕ. ಹತ್ತು ತಿಂಗಳ ತಪಸ್ಸಿಗೆ ಕೊಂಬು ಬಂತು. ಇರಲಿ, ಏಳೂ ಅಕ್ಷರ ಅವಳಿಗೇ ಸೇರಲಿ ಅಂತ ಶುಕ್ರವಾರ ಅದನ್ನೇ ಏರಿಸಿದ. ಬೋರ್ಡಿನ ಮೇಲೆ ಮೊದಲ ಸಲ ಏಳೂ ಕೂತವು. ಡಬ್ಬಿ ಮೊದಲ ಸಲ ಖಾಲಿಯಾಯಿತು. ಅವಳು ಅವತ್ತು ಎಲ್ಲ ದಿನಕ್ಕಿಂತ ಹೆಚ್ಚು ಹೊತ್ತು ನಿಂತಿದ್ದಳು. ಪೆನ್ಸಿಲ್ ಕೆಳಗಿಟ್ಟ ಮೇಲೂ ನಿಂತಿದ್ದಳು.

ಏಣಿ ಇಳಿದಾಗ ಟಿಕೆಟ್ ಹರಿಯೋನು ಕೆಳಗೆ ಕಾಯ್ತಿದ್ದ.

"ವಿಷಯ ಗೊತ್ತಾ? ಟೈಲರ್ ಬೇರೆ ಊರಲ್ಲಿ ಅಂಗಡಿ ಇಡ್ತಾನಂತೆ. ಮುಂದಿನ ಶುಕ್ರವಾರ ಮನೆ ಖಾಲಿ. ಹೋಗಿ ಮಾತಾಡೋ, ಈಗ್ಲೇ ಹೋಗು. ಬೇಕಾದ್ರೆ ನಾನೂ ಬರ್ತೀನಿ."

ಬೋರ್ಡಿನವನು ಓಣಿ ಕಡೆ ತಿರುಗಿದ. ನಾಲ್ಕು ಹೆಜ್ಜೆ ಹಾಕಿದ. ಅಲ್ಲಿಗೆ ನಿಂತ. ಕೊನೇದಾಗಿ ತಾನು ಹೇಳಿದ್ದು ಜಿಂಕೆ ಕೊಂಬು. ಇದರ ಮೇಲೆ ಹೋಗಿ ಏನು ಮುಖ ತೋರಿಸೋದು? ಒಂದು ಸಲ, ಒಂದೇ ಒಂದು ಸಲ ಸರಿಯಾಗಿ ಬರೆದುಬಿಟ್ಟರೆ ಆಮೇಲೆ ಹೋಗಬಹುದು. ವಾರ ಇದೆಯಲ್ಲ.

ದೊಡ್ಡ ಬೋರ್ಡಿನ ಅಕ್ಷರ ಸಣ್ಣದಕ್ಕೆ ಕೂರುತ್ತಿರಲಿಲ್ಲ. ಅದಕ್ಕೇ ಬಿಸ್ಕತ್ ಡಬ್ಬಿಯನ್ನೇ ಕತ್ತರಿಸಿದ. ಎಲ್ಲ ಪಿಕ್ಚರಿನಲ್ಲೂ ಹೀರೋ ಹೇಳ್ತಾನಲ್ಲ ಆ ಮೂರು ಪದ, ಅದಕ್ಕೆ ಆರು ಅಕ್ಷರ ಕಮ್ಮಿ ಇದ್ದವು. ಆರನ್ನೂ ತಗಡಿನಲ್ಲಿ ಕೆತ್ತಿದ. ಓ ಅಕ್ಷರ ಎರಡು ಬೇಕಿತ್ತು. ಗುಂಡಗೆ ಬರಲಿಲ್ಲ, ಬೆರಳು ಕುಯ್ದುಕೊಂಡ. ಮತ್ತೆ ಕತ್ತರಿಸಿದ. ಅಂಚು ಉಜ್ಜಿದ. ಕೆಂಪು ಬಣ್ಣ ಹಚ್ಚಿದ. ಗುರುವಾರ ಒಣಗಲಿಲ್ಲ. ಶುಕ್ರವಾರ ಮಧ್ಯಾಹ್ನ ಒಣಗಿತು.

ಏಣಿ ಹೊತ್ತು ಓಣಿಗೆ ತಿರುಗಿದ. ಟೈಲರ್ ಅಂಗಡಿಗೆ ಬೀಗ. ಸಾಮಾನಿನ ಲಾರಿ ಬೆಳಗ್ಗೆಯೇ ಬಂದಿತ್ತಂತೆ. ಅವನು ಆದರೂ ಏಣಿ ಒರಗಿಸಿ ಹತ್ತಿದ. ಮೇಲಿನ ಮೆಟ್ಟಿಲಲ್ಲಿ ನಿಂತ. ಕಿಟಕಿ ಮುಚ್ಚಿತ್ತು. ಸರಳಿಗೆ ಒಂದು ಎಳೆ ಬಿಳೀ ದಾರ ಸಿಕ್ಕಿಕೊಂಡು ಗಾಳಿಗೆ ಆಡ್ತಿತ್ತು. ಅವನು ಬೋರ್ಡು ಮುಟ್ಟಲಿಲ್ಲ. ಹಾಗೇ ಇಳಿದ.

ಹನ್ನೊಂದು ವರ್ಷದ ಮೇಲೆ ಆ ಟೈಲರಿನ ತಂಗಿ ಯಾರದೋ ಮದುವೆಗೆ ಅಂತ ಆ ಊರಿಗೆ ಬಂದಳು. ಓಣಿಗೆ ಹೋದಳು. ಟಾಕೀಸು ಗೊಬ್ಬರದ ಗೋಡೌನ್ ಆಗಿತ್ತು. ಟಿಕೆಟ್ ಹರಿಯೋನು ಅದರ ಮುಂದೆಯೇ ಬೀಡಾ ಅಂಗಡಿ ಇಟ್ಟಿದ್ದ. ಅವಳ ಗುರುತು ಹಿಡಿದ. ಗುಜರಿಯ ಡಿಕ್ಷನರಿ, ಮೆಟ್ಟಿಲು, ಕುಯ್ದ ಬೆರಳು, ಬಿಸ್ಕತ್ ಡಬ್ಬಿ, ಎಲ್ಲ ಅವನೇ ಹೇಳಿದ. ಬೋರ್ಡಿನವನು ಎಲ್ಲಿ ಅಂತ ಕೇಳಿದಳು. "ಅದೇ ವರ್ಷ ಊರು ಬಿಟ್ಟ, ತಾಯಿ. ಎಲ್ಲಿಗೆ ಅಂತ ಹೇಳ್ಲಿಲ್ಲ. ಆ ಆರು ತಗಡನ್ನೂ ಚೀಲಕ್ಕೆ ಹಾಕ್ಕೊಂಡೇ ಹೋದ" ಅಂದ.

ಮಿಸ್ ಅಲ್ಲಿಗೆ ನಿಲ್ಲಿಸಿದರು. ಕೆಳಗೆ ಸೈಕಲ್ ಶಾಪಿನಲ್ಲಿ ಗಾಳಿ ಹೊಡೆಯೋ ಸದ್ದೂ ನಿಂತಿತ್ತು. ಗಡಿಯಾರದಲ್ಲಿ ಐದೂ ಮುಕ್ಕಾಲು.

ಮಧುಕೇಶನಿಗೆ ಬೋರ್ಡಿನವನ ಮೇಲೆ ಸಿಟ್ಟು ಬಂದುಬಿಟ್ಟಿತ್ತು.

"ಎಂಥ ಪೆದ್ದ ಮಿಸ್ ಅವನು! ಹೋಗ್ಲಿ, ಅವಳು ಓದಿದೋಳು ತಾನೆ? ನಲವತ್ತೊಂದು ಪದ ಓದಿ ಬರ್ಕೊಂಡಿದಾಳೆ. ಒಂದರಲ್ಲಾದ್ರೂ ಅವನು ಏನ್ ಹೇಳ್ತಿದಾನೆ ಅಂತ ಗೊತ್ತಾಗ್ಲಿಲ್ವಾ ಅವಳಿಗೆ?"

ಕೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ಮಾತೇ ಕಿವಿಗೆ ಬಿತ್ತು. ನಲವತ್ತೊಂದು ಅಂತ ಕತೆಯಲ್ಲಿ ಮಿಸ್ ಎಲ್ಲೂ ಹೇಳಿರಲಿಲ್ಲ.

ತುಳಜಾಬಾಯಿ ಮಿಸ್ಸು ಅವನ ಮುಂದಿದ್ದ ಅಳತೆ ಪುಸ್ತಕ ಎಳೆದುಕೊಂಡರು. ಪೆನ್ಸಿಲ್ಲಿನ ಮೊದಲ ಪದದಲ್ಲಿ, ಹಿಂದು ಮುಂದಾಗಿದ್ದ ಆ ಎಸ್ ಮೇಲೆ ಬೆರಳಿಟ್ಟರು.

"ಅವಳಿಗೆ ಆಗ ಇಂಗ್ಲಿಷಿನ ಒಂದಕ್ಷರವೂ ಬರ್ತಿರಲಿಲ್ಲ ಕಣಪ್ಪ, ಏಣಿ ಮೇಲಿದ್ದೋನನ್ನ ನೋಡ್ಕೊಂಡು ನಿಲ್ಲೋಕೆ ಕೈಯಲ್ಲೊಂದು ಪೆನ್ಸಿಲ್ ಬೇಕಿತ್ತು, ಅಷ್ಟೆ."

ಮಧುಕೇಶ ಗಡಿಯಾರ ನೋಡಿದ. ಏಳನೇ ಕಾಗದವನ್ನು ಮೇಜಿನ ಮೇಲೇ ಬಿಟ್ಟು, ಎದ್ದು ಚಪ್ಪಲಿ ಹುಡುಕಿದ.